ಮಂದಶ್ರವಣರೂ ನಾದಾನಂದವೂ

ಕಿವಿ ಮಂದವಾದೊಡನೆ ಸಂಗೀತದ ಋಣ ತೀರಿತೆಂದು ಭಾವಿಸುವುದು ತರವಲ್ಲ. ನಾದವು ಮೂಲತಃ ಕಂಪನ. ಅದನ್ನು ಗ್ರಹಿಸಲು ಕಿವಿಯೊಂದೇ ದ್ವಾರವಲ್ಲ. 1965ರಲ್ಲಿ ಜನಿಸಿದ ಸ್ಕಾಟ್ಲೆಂಡಿನ ವಾದ್ಯವಿದುಷಿ ಎವೆಲಿನ್ ಗ್ಲೆನಿ 12ನೆಯ ವಯಸ್ಸಿನ ಹೊತ್ತಿಗೆ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡರೂ, ಬರಿಗಾಲಿನಲ್ಲಿ ನಿಂತು ವೇದಿಕೆಯ ಕಂಪನವನ್ನು ಗ್ರಹಿಸುತ್ತ, ತಾಳವಾದ್ಯಗಳಲ್ಲಿ ವಿಶ್ವಖ್ಯಾತಿ ಪಡೆದರು.

ಶ್ರವಣಯಂತ್ರವನ್ನು ಮುಖ್ಯವಾಗಿ ಮಾತಿಗೆಂದೇ ಹೊಂದಿಸಿರುತ್ತಾರೆ. ದೀರ್ಘಸ್ವರವನ್ನು ಅದು ಕೆಲವೊಮ್ಮೆ ತನ್ನದೇ ಸಿಳ್ಳೆಂದು ಭ್ರಮಿಸಿ ಅಡಗಿಸುವುದುಂಟು. ತಜ್ಞರಲ್ಲಿ ಕೇಳಿ ಸಂಗೀತಕ್ಕೆ ಬೇರೆ ಹೊಂದಾಣಿಕೆ ಮಾಡಿಸಿಕೊಳ್ಳಬಹುದು. ಪರಿಚಿತವಾದ ಕೃತಿ, ಕೈಯಲ್ಲಿ ಸಾಹಿತ್ಯ, ಗಾಯಕರ ಮುಖ ಕಾಣುವ ಸ್ಥಳ, ಇವಿಷ್ಟಿದ್ದರೆ ನೆನಪು ಕಿವಿಗೆ ಹೆಗಲು ಕೊಡುತ್ತದೆ.

ಆದುದರಿಂದ ಮಂದಶ್ರವಣದ ಬಾಲಕನನ್ನು ಪ್ರಾರ್ಥನೆಯ ಸಾಲಿನಿಂದ ಹೊರಗಿರಿಸುವುದು ದಯೆಯ ಹೆಸರಿನ ವಂಚನೆಯೇ ಸರಿ. ಅವನನ್ನು ಹಾರ್ಮೋನಿಯಂ ಬಳಿ ಕುಳ್ಳಿರಿಸಿ, ಪೆಟ್ಟಿಗೆಯ ಮೇಲೆ ಅಂಗೈಯೂರಲು ಬಿಡುವುದು ಶಿಕ್ಷಕರ ಧರ್ಮ.