ಬೆಲ್ಟಿನ ಬಣ್ಣವೂ ಮಗುವಿನ ಆತ್ಮವಿಶ್ವಾಸವೂ

ಮಕ್ಕಳನ್ನು ಕರಾಟೆಗೋ ಜೂಡೊಗೋ ಸೇರಿಸುವ ತಂದೆ ತಾಯಿಗಳಲ್ಲಿ ಹೆಚ್ಚಿನವರು ಹೇಳುವ ಕಾರಣ ಒಂದೇ: ಮಗು ಪುಕ್ಕಲು, ನಾಲ್ಕು ಜನರ ಮುಂದೆ ಬಾಯಿ ಬಿಡುವುದಿಲ್ಲ, ಸ್ವಲ್ಪ ಧೈರ್ಯ ಬರಲಿ. ಸೇರಿಸಿ ಆರು ತಿಂಗಳಾಗುವಷ್ಟರಲ್ಲಿ ಆ ಮಾತು ಮರೆತುಹೋಗಿ ‘ಈಗ ಯಾವ ಬೆಲ್ಟು?’ ಎಂಬ ಪ್ರಶ್ನೆಯಷ್ಟೇ ಉಳಿಯುತ್ತದೆ. ಬಿಳಿ ಹೋಗಿ ಹಳದಿ ಬಂದರೆ ಮನೆಯಲ್ಲಿ ಸಿಹಿ, ಬರದಿದ್ದರೆ ಪಕ್ಕದ ಮನೆಯ ಹುಡುಗನೊಂದಿಗೆ ಹೋಲಿಕೆ. ಧೈರ್ಯವು ಬೆಲ್ಟಿನ ಜೊತೆಗೇ ಬರುತ್ತದೆಂಬ ನಂಬಿಕೆ ಇದರ ಹಿಂದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಈ ವಿದ್ಯೆಗಳು ಮಗುವಿಗೆ ಆತ್ಮವಿಶ್ವಾಸ ತಂದುಕೊಡಬಲ್ಲವು, ನಿಜ. ಆದರೆ ಅದು ಕುದುರುವುದು ಎರಡು ಬೆಲ್ಟುಗಳ ನಡುವಿನ ತಿಂಗಳುಗಳಲ್ಲಿ, ಮಗು ತಾನೇ ಅಳೆಯಬಲ್ಲ, ಸೋಲಲೂ ಸಾಧ್ಯವಿರುವ ಒಂದೊಂದು ಸಣ್ಣ ಗುರಿಯನ್ನು ತಾನಾಗಿ ಮುಟ್ಟಿದಾಗ.

ಜೂಡೊ ಕಲಿಯಲು ಬಂದ ಮಗುವಿಗೆ ಎದುರಾಳಿಯನ್ನು ಕೆಡವುವುದಕ್ಕಿಂತ ಮೊದಲು ತಾನು ಬೀಳುವುದನ್ನು ಹೇಳಿಕೊಡುತ್ತಾರೆ. ಇದಕ್ಕೆ ಉಕೆಮಿ ಎಂದು ಹೆಸರು. ಮೊದಮೊದಲು ಚಾಪೆಯ ಮೇಲೆ ಅಂಗಾತ ಮಲಗಿ, ಗದ್ದವನ್ನು ಎದೆಗೆ ಒತ್ತಿ, ಎರಡೂ ಕೈಗಳಿಂದ ಚಾಪೆಯನ್ನು ಪಟ್ಟನೆ ಬಡಿಯುವುದು, ಅಷ್ಟೇ. ಅದು ರೂಢಿಯಾದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹಿಂದಕ್ಕೆ ಉರುಳುವುದು, ಆಮೇಲೆ ನಿಂತಲ್ಲಿಂದ ಬೀಳುವುದು, ಕೊನೆಗೆ ಇನ್ನೊಬ್ಬರು ಎತ್ತಿ ಹಾಕಿದಾಗ ಪೆಟ್ಟಾಗದಂತೆ ಬೀಳುವುದು. ತಲೆ ಚಾಪೆಗೆ ತಾಗಿತೋ ಇಲ್ಲವೋ ಎಂಬುದು ಮಗುವಿಗೇ ತಿಳಿಯುತ್ತದೆ. ಯಾರೂ ಅಂಕ ಕೊಡಬೇಕಾಗಿಲ್ಲ. ಕಳೆದ ವಾರ ಕೂತು ಉರುಳಲೂ ಅಂಜುತ್ತಿದ್ದೆ, ಈ ವಾರ ನಿಂತು ಬಿದ್ದೆ ಎಂಬ ಲೆಕ್ಕ ಅದರ ಮೈಯಲ್ಲೇ ಬರೆದಿರುತ್ತದೆ. ‘ನೀನು ಧೈರ್ಯವಂತ’ ಎಂದು ನೂರು ಸಲ ಹೇಳಿದರೂ ಸಿಗದ ಸಾಕ್ಷಿ ಇದು.

ಬಣ್ಣದ ಬೆಲ್ಟುಗಳು ಇತ್ತೀಚಿನವು. ಜೂಡೊ ಸ್ಥಾಪಕ ಜಿಗೊರೊ ಕಾನೊ ಟೋಕಿಯೋದಲ್ಲಿ ಕೊಡೊಕಾನ್ ಶಾಲೆ ತೆರೆದದ್ದು 1882ರಲ್ಲಿ. ಅವರು ರೂಪಿಸಿದ ದರ್ಜೆಗಳ ಪದ್ಧತಿಯನ್ನು ಕರಾಟೆ ಎರವಲು ಪಡೆದದ್ದು 1924ರಲ್ಲಿ, ಗಿಚಿನ್ ಫುನಾಕೊಶಿ ತಮ್ಮ ಶಿಷ್ಯರಿಗೆ ಮೊದಲ ದಾನ್ (ಕಪ್ಪು ಬೆಲ್ಟಿನ ದರ್ಜೆ) ಪದವಿ ಕೊಟ್ಟಾಗ. ಮಕ್ಕಳ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಕೆಲಸ ಫುನಾಕೊಶಿಯವರ ಗುರು ಅಂಕೊ ಇಟೊಸು ಅವರದು. 20ನೇ ಶತಮಾನದ ಆರಂಭದಲ್ಲಿ ಕರಾಟೆ ಓಕಿನಾವಾದ ಶಾಲೆಗಳಿಗೆ ಬಂದಾಗ ಅವರು ಮಕ್ಕಳಿಗಾಗಿ ಪಿನಾನ್ ಎಂಬ ಐದು ಚಿಕ್ಕ ಕಟಾಗಳನ್ನು, ಅಂದರೆ ಗೊತ್ತಾದ ವರಸೆಗಳ ಸರಣಿಗಳನ್ನು, ಹೊಂದಿಸಿದರು. ಹಳೆಯ ಉದ್ದನೆಯ ಕಟಾಗಳು ಮಕ್ಕಳ ಅಳವಿಗೆ ಮೀರಿದ್ದವು. ನಮ್ಮ ಮೈಸೂರು, ದಾವಣಗೆರೆಗಳ ಗರಡಿಮನೆಗಳಲ್ಲಂತೂ ಬೆಲ್ಟೇ ಇಲ್ಲ. ನಿನ್ನೆ ಐವತ್ತು ಬಸ್ಕಿ ಹೊಡೆದ ಹುಡುಗ ಇಂದು ಐವತ್ತೈದು ಹೊಡೆಯುತ್ತಾನೆ. ಅವನ ಏಳಿಗೆಗೆ ಆ ಎಣಿಕೆಯೇ ಗುರುತು.

ದೂರದ ಗುರಿಗಿಂತ ಹತ್ತಿರದ ಗುರಿ ಮಕ್ಕಳಿಗೆ ಒಗ್ಗುತ್ತದೆಂಬುದಕ್ಕೆ ಪ್ರಯೋಗದ ಆಧಾರವೂ ಇದೆ. ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರಾ ಮತ್ತು ಡೇಲ್ ಶಂಕ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತದಲ್ಲಿ ಹಿಂದುಳಿದ, ಅದರಲ್ಲಿ ಆಸಕ್ತಿಯೂ ಇಲ್ಲದ ಮಕ್ಕಳಿಗೆ ಕಳೆಯುವ ಲೆಕ್ಕಗಳ 42 ಪುಟಗಳನ್ನು ಕೊಟ್ಟರು. ಏಳು ಅವಧಿಗಳಲ್ಲಿ ಅವನ್ನು ಮುಗಿಸಬೇಕಿತ್ತು. ಕೆಲವರಿಗೆ ಅವಧಿಗೆ ಆರು ಪುಟವೆಂಬ ಗುರಿ, ಕೆಲವರಿಗೆ ಕೊನೆಯ ಹೊತ್ತಿಗೆ 42 ಪುಟವೆಂಬ ಗುರಿ, ಉಳಿದವರಿಗೆ ಗುರಿಯೇ ಇಲ್ಲ. ಆರು ಪುಟದ ಮಕ್ಕಳು ಹೆಚ್ಚು ಕಲಿತರು, ‘ನನಗೆ ಬರುತ್ತದೆ’ ಎಂಬ ನಂಬಿಕೆ ಅವರಲ್ಲಿ ಬೆಳೆಯಿತು, ಲೆಕ್ಕದ ಮೇಲೆ ಪ್ರೀತಿಯೂ ಹುಟ್ಟಿತು. ನಲವತ್ತೆರಡರ ಗುರಿಯಿದ್ದವರಿಗೆ ಆ ಗುರಿಯಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ‘ಬ್ಲ್ಯಾಕ್ ಬೆಲ್ಟ್ ಆಗಬೇಕು’ ಎನ್ನುವುದು ಏಳು ವರ್ಷದ ಮಗುವಿಗೆ ಆ ನಲವತ್ತೆರಡು ಪುಟದಂತೆ. ‘ಒದ್ದ ಕಾಲನ್ನು ನೆಲಕ್ಕಿಡುವ ಮೊದಲು ಮಂಡಿ ಮಡಚಿ ಹಿಂದಕ್ಕೆ ಎಳೆದುಕೊಳ್ಳುವುದು, ಹತ್ತರಲ್ಲಿ ಎಂಟು ಸಲವಾದರೂ ತೂರಾಡದೆ’ ಎನ್ನುವುದು ಆರು ಪುಟದಂತೆ.

ಹಾಗಾದರೆ ಬೆಲ್ಟು ಬೇಡವೇ? ಬಹುಮಾನದ ಆಸೆ ಆಸಕ್ತಿಯನ್ನೇ ತಿಂದುಹಾಕುತ್ತದೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬರೆದರೆ ಪ್ರಶಸ್ತಿ ಕೊಡುತ್ತೇವೆಂದು ಮೊದಲೇ ಹೇಳಿದಾಗ, ಆಮೇಲೆ ಅವರು ತಾವಾಗಿ ಬರೆಯುವುದು ಕಡಿಮೆಯಾಯಿತೆಂದು 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ತೋರಿಸಿದರು. ಆದರೆ ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದ ಮಕ್ಕಳಲ್ಲಿ ಹಾಗಾಗಲಿಲ್ಲ. ಕೆಡುಕು ಆಮಿಷದಲ್ಲಿದೆ. ಬೆಲ್ಟು ಕಲಿತದ್ದರ ಗುರುತಾಗಿದ್ದರೆ ಇರಲಿ. ಶುಲ್ಕ ಕಟ್ಟಿದವರೆಲ್ಲ ತೇರ್ಗಡೆಯಾಗುವ ಪರೀಕ್ಷೆ ಮಾತ್ರ ಮಗುವಿಗೆ ಮಾಡುವ ಮೋಸ. ನಪಾಸಾದರೆ ಮಗು ಕುಗ್ಗಿಹೋಗುತ್ತದಲ್ಲ ಎಂದು ಹೆತ್ತವರು ಕೇಳುವುದು ಸಹಜ. ‘ಆಗಲಿಲ್ಲ’ ಎಂದಷ್ಟೇ ಹೇಳಿ ಕಳಿಸಿದರೆ ಕುಗ್ಗುತ್ತದೆ. ‘ತಿರುಗುವಾಗ ಹಿಂದಿನ ಹಿಮ್ಮಡಿ ಮೇಲೇಳುತ್ತಿದೆ, ಅದೊಂದನ್ನು ತಿದ್ದಿಕೊಂಡು ಬಾ’ ಎಂದರೆ ಮರುದಿನದ ಕೆಲಸ ಸಿಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಚಾಪೆಯ ಮೇಲಿನ ಧೈರ್ಯ ಶಾಲೆಗೆ, ಬೀದಿಗೆ ಬರುತ್ತದೆಯೇ? ತಾನಾಗಿ ಬರುವುದಿಲ್ಲ. ಬಂಡೂರಾ ಹೇಳುವ ನಂಬಿಕೆಯೂ ಆಯಾ ಕೆಲಸಕ್ಕೆ ಅಂಟಿಕೊಂಡದ್ದೇ. ಹಳದಿ ಬೆಲ್ಟಿನ ಎಂಟು ವರ್ಷದ ಮಗು ದೊಡ್ಡವರ ಹಿಡಿತದಿಂದ ಪಾರಾಗಬೇಕಾದರೆ ಕೂಗಬೇಕು, ಓಡಬೇಕು. ಇದನ್ನು ಬಿಡಿಸಿ ಹೇಳದೆ ಹುರಿದುಂಬಿಸುವುದು ಅಪಾಯ. ದಾಟಿ ಬರಬಹುದಾದದ್ದು ಗುರಿಯನ್ನು ತುಂಡುಮಾಡಿಕೊಳ್ಳುವ ರೂಢಿ, ಅದೂ ಯಾರಾದರೂ ತೋರಿಸಿಕೊಟ್ಟರೆ. ಭಾಷಣಕ್ಕೆ ಹೆಸರು ಕೊಡಲು ಹೆದರುವ ಮಗುವಿಗೆ ‘ಗ್ರೀನ್ ಬೆಲ್ಟ್ ಆಗಿಯೂ ಹೆದರುತ್ತೀಯಾ?’ ಎಂದರೆ ಅವಮಾನವಷ್ಟೇ ಆಗುತ್ತದೆ. ಮೊದಲು ಮಲಗಿ, ಆಮೇಲೆ ಕೂತು, ಆಮೇಲೆ ನಿಂತು ಬೀಳುವುದನ್ನು ಕಲಿತದ್ದು ನೆನಪಿದೆಯಲ್ಲ, ಹಾಗೆಯೇ ಇವತ್ತು ಅಜ್ಜಿಯ ಮುಂದೆ ನಾಲ್ಕು ಸಾಲು ಹೇಳು, ನಾಳಿದ್ದು ಇಬ್ಬರು ಗೆಳೆಯರ ಮುಂದೆ, ಮುಂದಿನ ವಾರ ತರಗತಿಯಲ್ಲಿ ಎಂದು ಜೊತೆಗೆ ಕೂತು ಮೆಟ್ಟಿಲು ಹಾಕಿಕೊಡಬೇಕು. ವಾರಕ್ಕೆರಡು ಸಂಜೆ ಮೂವತ್ತು ಮಕ್ಕಳನ್ನು ನೋಡಿಕೊಳ್ಳುವ ಮಾಸ್ತರರಿಗೆ ಇದು ಆಗದು. ಅಷ್ಟು ಹೊತ್ತು ಕೂರಬೇಕಾದವರು ಮನೆಯವರು.