ಚೆಂಡು, ದಾಂಡು, ತೀರ್ಪು
ಸಕಲೇಶಪುರ, ಆಲೂರಿನ ಕಾಫಿ ಕಣಗಳಲ್ಲಿ ಟೆನಿಸ್ ಚೆಂಡು ಹಿಡಿದು ಓಡಿಬರುವ ಹುಡುಗರಿಗೆ ನಾನು ಹೇಳುವ ಹೆಸರು ಒಂದೇ: ಜಾವಗಲ್ ಶ್ರೀನಾಥ್. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಾದರೂ ಅವರ ಹೆಸರಿನ ಮೊದಲಿಗಿರುವುದು ನಮ್ಮ ಹಾಸನ ಜಿಲ್ಲೆಯ ಊರು. ಎಂಜಿನಿಯರಿಂಗ್ ಓದಿದ ಈ ವೇಗಿ 67 ಟೆಸ್ಟ್‌ಗಳಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದರು. 1996ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾವನ್ನು 105ಕ್ಕೆ ಉರುಳಿಸಿದಾಗ ಅವರ ಪಾಲು 21 ರನ್ನಿಗೆ 6 ವಿಕೆಟ್. ಅದಕ್ಕೂ ಒಂದು ತಿಂಗಳ ಮೊದಲು, ಬೆಂಗಳೂರಿನ ಚಿನ್ನಸ್ವಾಮಿ ಅಂಗಳದಲ್ಲಿ ಆಸ್ಟ್ರೇಲಿಯಾದೆದುರು ಎಂಟು ವಿಕೆಟ್ ಬಿದ್ದು ಆಸೆ ಕಮರಿತ್ತು. ಆಗ ಅನಿಲ್ ಕುಂಬ್ಳೆ ಜೊತೆ ನಿಂತು ಮುರಿಯದ 52 ರನ್ ಸೇರಿಸಿ, ತಾವೇ 30 ಹೊಡೆದು ಪಂದ್ಯ ಗೆಲ್ಲಿಸಿಕೊಟ್ಟರು. ಮರುವರ್ಷ ಭುಜದ ಶಸ್ತ್ರಚಿಕಿತ್ಸೆ ತಿಂಗಳುಗಟ್ಟಲೆ ಕೂರಿಸಿತು. ಮರಳಿ ಬಂದು 1999ರಲ್ಲಿ ಕೋಲ್ಕತ್ತ ಟೆಸ್ಟೊಂದರಲ್ಲೇ ಪಾಕಿಸ್ತಾನದ 13 ವಿಕೆಟ್ ಕಿತ್ತರು. ಆಟ ಮುಗಿಸಿದ ಮೇಲೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾದರು. 2006ರಿಂದ ಅಂತರರಾಷ್ಟ್ರೀಯ ಮ್ಯಾಚ್ ರೆಫರಿ. ಸ್ಪಿನ್ನಿಗೆ ಹದಗೊಳಿಸಿದ ಪಿಚ್‌ಗಳ ಮೇಲೆ ವೇಗವನ್ನೇ ನಂಬಿ ಬದುಕಿದವರು ಅವರು. ಮಕ್ಕಳೇ, ಒಂದು ಕೆಲಸವನ್ನು ಆಳವಾಗಿ ಕಲಿಯಿರಿ. ತಂಡಕ್ಕೆ ಬೇಕಾದಾಗ ಇನ್ನೊಂದಕ್ಕೂ ಹೆಗಲು ಕೊಡಿ.