ತಲೆಸುತ್ತು ಎಂಬ ಒಂದು ಮಾತು: ನರವೈದ್ಯ, ರೋಗಿ ಮತ್ತು ಕನ್ನಡದ ಕೆಲಸ

ಕನ್ನಡದ ಶಾಸ್ತ್ರಸಾಹಿತ್ಯವನ್ನು ಕುರಿತು ಮಾತನಾಡುವಾಗ ನಾವು ವೈದ್ಯಗ್ರಂಥಗಳನ್ನು ಅಭಿಮಾನದಿಂದ ನೆನೆಯುತ್ತೇವೆ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವೆಲ್ಲ ನಮ್ಮ ಸಾಹಿತ್ಯಚರಿತ್ರೆಯ ಪಾಠದಲ್ಲಿ ತಪ್ಪದೆ ಬರುವ ಹೆಸರುಗಳು. ಆದರೆ ಇಂದು ಮುಂಬಯಿಯ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸರದಿಗೆ ನಿಂತ ಕನ್ನಡಿಗನೊಬ್ಬ ತನ್ನ ದೇಹದ ಕಷ್ಟವನ್ನು ಯಾವ ಮಾತಿನಲ್ಲಿ ಹೇಳುತ್ತಾನೆ, ಆ ಮಾತು ವೈದ್ಯರ ಕಾಗದಕ್ಕೆ ಇಳಿಯುವ ಹೊತ್ತಿಗೆ ಏನಾಗಿರುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಅಧ್ಯಯನಗಳು ಸಾಕಷ್ಟು ಗಂಭೀರವಾಗಿ ಎತ್ತಿಕೊಂಡಿಲ್ಲ. ಈ ಪ್ರಶ್ನೆ ಭಾಷಾವಿಜ್ಞಾನದ್ದೂ ಹೌದು, ಜೀವದ್ದೂ ಹೌದು. ಇದನ್ನು ವಿವೇಚಿಸಲು ಇದೇ ನಗರದ ಒಬ್ಬ ವೈದ್ಯರ ಬದುಕನ್ನು ಆಧಾರವಾಗಿ ಇಟ್ಟುಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ.

ಡಾ. ನೋಶಿರ್ ವಾಡಿಯಾ (1925–2016) ಸೂರತ್‌ನಲ್ಲಿ ಹುಟ್ಟಿ, ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನಲ್ಲಿ ನರವೈದ್ಯದ ತರಬೇತಿ ಪಡೆದು 1957ರಲ್ಲಿ ಹಿಂದಿರುಗಿದವರು. ಆಗ ನಮ್ಮ ದೇಶದಲ್ಲಿ ನರವೈದ್ಯವೆಂಬ ಶಾಖೆ ಇನ್ನೂ ಕಣ್ಣುಬಿಡುತ್ತಿತ್ತು. ಬೈಕುಲಾದ ಜೆ.ಜೆ. ಆಸ್ಪತ್ರೆಯಲ್ಲಿ ಅವರು ಆ ವಿಭಾಗವನ್ನು ಕಟ್ಟಿದರು. ಮುಂದೆ ಜಸ್ಲೋಕ್ ಆಸ್ಪತ್ರೆಯಲ್ಲಿಯೂ ಬಹುಕಾಲ ದುಡಿದರು. 2012ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು.

ಅವರ ಹೆಸರನ್ನು ಜಗತ್ತು ನೆನೆಯುವುದು ಮುಖ್ಯವಾಗಿ ಒಂದು ಲೇಖನದಿಂದ. ನಡಿಗೆ ತಪ್ಪಿ ತೂರಾಡುವ, ಮಾತು ತೊದಲುವ ವಂಶಪಾರಂಪರ್ಯ ರೋಗವೊಂದು ಒಂಬತ್ತು ಕುಟುಂಬಗಳಲ್ಲಿ ಕಾಣಿಸಿಕೊಂಡದ್ದನ್ನು ಅವರು ತಮ್ಮ ಸಹೋದ್ಯೋಗಿ ಸ್ವಾಮಿಯವರೊಂದಿಗೆ 1971ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ವರ್ಣಿಸಿದರು. ಕಿರುಮಿದುಳು ಸವೆದು ಸಮತೋಲ ಕೆಡುವ ರೋಗಗಳು ಆಗಲೇ ತಿಳಿದಿದ್ದವು. ವಾಡಿಯಾ ಅವರು ಕಂಡ ಹೊಸತೆಂದರೆ ಈ ರೋಗಿಗಳ ಕಣ್ಣಿನ ಚಲನೆ. ನಾವು ಪುಟವೊಂದನ್ನು ಓದುವಾಗ ದೃಷ್ಟಿ ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ. ಒಂದು ಪದದಿಂದ ಇನ್ನೊಂದಕ್ಕೆ ಚಿಮ್ಮಿ ನೆಗೆಯುತ್ತದೆ. ಈ ರೋಗಿಗಳಲ್ಲಿ ಆ ನೆಗೆತ ನಿಧಾನವಾಗಿ ತೆವಳಿಕೆಯಾಗಿತ್ತು. ಈ ಸೂಕ್ಷ್ಮವನ್ನು ಹಿಡಿಯಲು ಬೇಕಾದದ್ದು ರೋಗಿಯ ಎದುರು ಕುಳಿತು ಕಣ್ಣನ್ನು ನೋಡುವ ತಾಳ್ಮೆ. ಇಂತಹ ಅನೇಕ ಕುಟುಂಬಗಳ ರೋಗಕ್ಕೆ ಕಾರಣವಾದ ವಂಶವಾಹಿ 1996ರಲ್ಲಿ ಪತ್ತೆಯಾಯಿತು. 1998ರಲ್ಲಿ ವಾಡಿಯಾ ಮತ್ತು ಸಂಗಡಿಗರು ಭಾರತದ ಆರು ಕುಟುಂಬಗಳನ್ನು ಪರೀಕ್ಷಿಸಿ, ತಾವು 1971ರಲ್ಲಿ ವರ್ಣಿಸಿದ್ದ ರೋಗವೇ ಇದೆಂದು ತೋರಿಸಿದರು. ಕಣ್ಣಿನಿಂದ ಕಂಡದ್ದಕ್ಕೆ ಪ್ರಯೋಗಾಲಯದ ಮುದ್ರೆ ಬೀಳಲು ಕಾಲು ಶತಮಾನ ಹಿಡಿಯಿತು.

ಅವರು 2005ರಲ್ಲಿ ಸಂಪಾದಿಸಿ ಹೊರತಂದ ನರವೈದ್ಯದ ಬೃಹದ್ಗ್ರಂಥದ ಹೆಸರಿನಲ್ಲಿಯೇ ‘ಭಾರತೀಯ ದೃಷ್ಟಿ’ ಎಂಬ ಮಾತಿದೆ. ಪಶ್ಚಿಮದ ಪಠ್ಯವನ್ನು ಕಲಿಯಬೇಕು, ಆದರೆ ನಮ್ಮ ಜನರ ರೋಗವನ್ನು ನಮ್ಮ ನೆಲದಲ್ಲಿ ನಿಂತು ನೋಡಬೇಕು ಎಂಬುದು ಅದರ ಹಿಂದಿನ ನಿಲುವು. ‘ಕವಿರಾಜಮಾರ್ಗ’ದ ಕಾಲದಿಂದಲೂ ಸಂಸ್ಕೃತವನ್ನು ಅರಗಿಸಿಕೊಂಡು ತನ್ನ ದಾರಿಯನ್ನು ಕಂಡುಕೊಳ್ಳುತ್ತ ಬಂದ ಕನ್ನಡದ ವಿದ್ಯಾರ್ಥಿಗೆ ಈ ನಿಲುವು ಅಪರಿಚಿತವಲ್ಲ. ಆದರೆ ನಮ್ಮ ನೆಲದ ರೋಗವನ್ನು ನೋಡುವುದಾದರೆ ನಮ್ಮ ನೆಲದ ಮಾತನ್ನೂ ಕೇಳಬೇಕಲ್ಲವೆ? ಇಲ್ಲಿಂದ ಮುಂದಿನ ಕೆಲಸ ವೈದ್ಯರೊಬ್ಬರದೇ ಅಲ್ಲ.

ಸಮತೋಲದ ರೋಗಗಳಲ್ಲಿ ರೋಗಿಯ ಮಾತಿಗೆ ಇರುವ ಬೆಲೆ ದೊಡ್ಡದು. ಮೂಳೆ ಮುರಿದರೆ ಚಿತ್ರ ತೆಗೆಯಬಹುದು, ತಲೆಸುತ್ತಿಗೆ ಚಿತ್ರವಿಲ್ಲ. ಕಾರಣವಾದರೋ ಒಳಗಿವಿಯ ಅರ್ಧವರ್ತುಲ ನಾಳದಲ್ಲಿ ಕದಲಿದ ಸುಣ್ಣದ ಹರಳಿರಬಹುದು, ರಕ್ತದೊತ್ತಡದ ಕುಸಿತವಿರಬಹುದು, ಕಿರುಮಿದುಳಿಗೆ ರಕ್ತ ತಡೆದಿರಬಹುದು. ಮೊದಲನೆಯದು ತಲೆಯನ್ನು ಕ್ರಮವಾಗಿ ಹೊರಳಿಸುವ ಕೆಲವು ನಿಮಿಷಗಳ ಉಪಚಾರದಿಂದಲೇ ಸಾಮಾನ್ಯವಾಗಿ ಶಮನವಾಗುವಂಥದು, ಕೊನೆಯದು ಪ್ರಾಣಾಂತಿಕ. ಈ ಮೂರನ್ನೂ ಮುಂಬಯಿಯ ನಮ್ಮ ಜನ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ‘ಚಕ್ಕರ್ ಬರ್ತದೆ.’

ಮನೆಯ ಮಾತು ಇಷ್ಟು ಬಡವಲ್ಲ. ತಲೆ ತಿರುಗುವುದು ಬೇರೆ, ಬವಳಿ ಬರುವುದು ಬೇರೆ. ಕಣ್ಣು ಕತ್ತಲೆಗಟ್ಟುವುದು ಬೇರೆ, ಕಾಲು ನೆಲೆ ನಿಲ್ಲದಿರುವುದು ಬೇರೆ. ತೂರಾಡು, ಓಲಾಡು, ವಾಲು, ಜೋಲು ಎಂಬ ಕ್ರಿಯಾಪದಗಳಲ್ಲಿ ಒಂದೊಂದಕ್ಕೂ ಒಂದೊಂದು ಚಲನೆಯಿದೆ. ಭ್ರಮಣದ ತದ್ಭವವಾದ ‘ಬವಣೆ’ಗೆ ಕಷ್ಟವೆಂಬ ಅರ್ಥ ಬಂದದ್ದೂ ಸುತ್ತುವಿಕೆಯ ಸಂಕಟವನ್ನು ಭಾಷೆ ಬಲ್ಲದು ಎಂಬುದಕ್ಕೆ ಸಾಕ್ಷಿ. ಆದರೆ ವಿಜಯಪುರದ ಕಡೆಯ ಕೂಲಿಕಾರನ ಮಾತನ್ನು ಪಕ್ಕದವರೊಬ್ಬರು ಹಿಂದಿಗೆ ತಿರುಗಿಸಿ, ವೈದ್ಯರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವಷ್ಟರಲ್ಲಿ ಈ ಸಂಪತ್ತೆಲ್ಲ ಸೋರಿಹೋಗಿರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. 1972ರಲ್ಲಿ ಅಮೆರಿಕದ ಡ್ರಾಕ್‌ಮನ್ ಮತ್ತು ಹಾರ್ಟ್ ಎಂಬ ವೈದ್ಯರು ತಲೆಸುತ್ತನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ ಮೇಲೆ, ‘ನಿಮ್ಮ ತಲೆಸುತ್ತು ಯಾವ ಬಗೆಯದು?’ ಎಂದು ಕೇಳುವುದೇ ರೂಢಿಯಾಯಿತು. 2007ರಲ್ಲಿ ನ್ಯೂಮನ್-ಟೋಕರ್ ಮತ್ತು ಸಂಗಡಿಗರು ಈ ರೂಢಿಯನ್ನು ಪರೀಕ್ಷಿಸಿದಾಗ ರೋಗಿಗಳು ಸ್ವಲ್ಪ ಹೊತ್ತಿನಲ್ಲಿಯೇ ತಮ್ಮ ಉತ್ತರವನ್ನು ಬದಲಿಸುವುದು ಕಂಡಿತು. ಎಷ್ಟು ಹೊತ್ತು ಇತ್ತು, ಏನು ಮಾಡಿದಾಗ ಬಂತು ಎಂಬ ಪ್ರಶ್ನೆಗಳಿಗೆ ಮಾತ್ರ ಉತ್ತರ ಹೆಚ್ಚು ಸ್ಥಿರವಾಗಿತ್ತು. ಹಾಗಾದರೆ ಪದಗಳನ್ನು ಹೆಕ್ಕುವ ನಮ್ಮ ಪಾಂಡಿತ್ಯದಿಂದ ಪ್ರಯೋಜನವೇನು ಎಂದು ಕೇಳಬಹುದು. ನನಗೆ ತೋರುವಂತೆ ಈ ಸಂಶೋಧನೆ ಭಾಷೆಯನ್ನು ಬದಿಗೆ ಸರಿಸುವುದಿಲ್ಲ. ನಾಮಪದದಿಂದ ವಾಕ್ಯದ ಕಡೆಗೆ, ಹೆಸರಿನಿಂದ ಕಥನದ ಕಡೆಗೆ ನಮ್ಮನ್ನು ತಿರುಗಿಸುತ್ತದೆ. ‘ಮಗ್ಗುಲು ಹೊರಳಿದ ಕೂಡಲೇ ಬಂತು, ಎಣಿಸುವಷ್ಟರಲ್ಲಿ ಹೋಯಿತು’ ಎಂಬ ವಾಕ್ಯ ವೈದ್ಯರಿಗೆ ಬಹುಪಾಲು ರೋಗನಿದಾನವನ್ನೇ ಕೊಡುತ್ತದೆ. ‘ಬೆಳಗಿನಿಂದ ಬಿಟ್ಟೇ ಇಲ್ಲ, ನಿಂತರೆ ಒಂದು ಕಡೆಗೆ ಎಳೆಯುತ್ತದೆ’ ಎಂಬುದು ಎಚ್ಚರಿಕೆಯ ಗಂಟೆ. ಅಂಥ ಕಥನವನ್ನು ಹೊರತೆಗೆಯುವ ಪ್ರಶ್ನೆಗಳು ರೋಗಿಯ ನುಡಿಯಲ್ಲಿ, ಅವನ ಪ್ರಾಂತದ ಉಪಭಾಷೆಯಲ್ಲಿ ಇರಬೇಕು.

ಪಾರ್ಶ್ವವಾಯುವಿನ ವಿಷಯ ಇನ್ನೂ ಗಂಭೀರವಾದುದು. ಈ ಹೆಸರೇ ರೋಗವನ್ನು ವಾಯುವಿಗೂ ದೇಹದ ಮಗ್ಗುಲಿಗೂ ಸೇರಿಸುತ್ತದೆ. ಆಡುಮಾತಿನ ‘ಲಕ್ವ’ ಅರಬ್ಬಿಯಿಂದ ಬಂದುದು. ಅಲ್ಲಿ ಅದು ಮುಖ ಸೊಟ್ಟಗಾಗುವ ರೋಗದ ಹೆಸರು. ಎರಡರಲ್ಲಿಯೂ ಮಿದುಳಿನ ಸುಳಿವಿಲ್ಲ, ಅವಸರದ ಸುಳಿವೂ ಇಲ್ಲ. ವಾಯು ಎಂದೊಡನೆ ಮನೆಯವರಿಗೆ ನೆನಪಾಗುವುದು ತೈಲ ಮತ್ತು ನೀವುವವನು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನಾದರೋ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. 2005–06ರಲ್ಲಿ ಡಾ. ಪಿ. ಎಂ. ದಲಾಲ್ ಮತ್ತು ಸಂಗಡಿಗರು ಮುಂಬಯಿ ಪಶ್ಚಿಮ ಉಪನಗರದ ಎಚ್ ವಾರ್ಡಿನ 1,56,861 ನಿವಾಸಿಗಳಲ್ಲಿ ನಡೆಸಿದ ಗಣತಿಯಲ್ಲಿ ಎರಡು ವರ್ಷಕ್ಕೆ 456 ಮಂದಿ ಮೊದಲ ಬಾರಿಗೆ ಈ ಆಘಾತಕ್ಕೆ ಒಳಗಾಗಿದ್ದರು. ವರ್ಷಕ್ಕೆ ಲಕ್ಷಕ್ಕೆ 145 ಜನ ಎಂದಾಯಿತು. ಅವರಲ್ಲಿ ಶೇಕಡ 30ರಷ್ಟು ಮಂದಿ 28 ದಿನಗಳೊಳಗೆ ತೀರಿಕೊಂಡರು. ಈ ಸಾವುಗಳಿಗೆಲ್ಲ ಒಂದು ಪದವನ್ನು ಹೊಣೆಮಾಡುವುದು ಅತಿರೇಕವಾದೀತು. ಆದರೂ ‘ಹೃದಯಾಘಾತ’ವೆಂಬ ಮಾತು ಕೇಳಿದೊಡನೆ ಆಸ್ಪತ್ರೆಗೆ ಧಾವಿಸುವ ಜನ, ‘ಪಾರ್ಶ್ವವಾಯು’ ಎಂದಾಗ ಬೆಳಗಾಗಲೆಂದು ಕಾಯುವರಾದರೆ ಆ ಪದದ ವಿಷಯದಲ್ಲಿ ನಾವು ತಟಸ್ಥರಾಗಿ ಉಳಿಯಲಾಗದು. ‘ಮಿದುಳಿನ ಆಘಾತ’ ಎಂಬ ಮಾತನ್ನು ನಮ್ಮ ಪಠ್ಯಪುಸ್ತಕಗಳೂ ಪತ್ರಿಕೆಗಳೂ ಬಳಕೆಗೆ ತರಬೇಕು. ಹಠಾತ್ತನೆ ಕೆಟ್ಟ ಸಮತೋಲವೂ ಮಂಜಾದ ದೃಷ್ಟಿಯೂ ಅದರ ಲಕ್ಷಣಗಳೆಂದು ತಿಳಿಸಬೇಕು.

ಇನ್ನು ಆಘಾತವಾದ ಮೇಲೆ ಮಾತೇ ಹೋಗುವ ಪ್ರಸಂಗ. ಮುಂಬಯಿಯ ಕನ್ನಡಿಗ ಒಂದು ನುಡಿಯ ಮನುಷ್ಯನಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಹಿಂದಿ, ಕಚೇರಿಯಲ್ಲಿ ಮರಾಠಿ ಅಥವಾ ಇಂಗ್ಲಿಷ್. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 608 ರೋಗಿಗಳನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಆಘಾತದ ನಂತರ ಬುದ್ಧಿಶಕ್ತಿ ಸಹಜವಾಗಿ ಉಳಿದವರ ಪ್ರಮಾಣ ದ್ವಿಭಾಷಿಗಳಲ್ಲಿ ಶೇಕಡ 40.5, ಏಕಭಾಷಿಗಳಲ್ಲಿ ಶೇಕಡ 19.6. ಮಾತು ನಷ್ಟವಾಗುವ ಪ್ರಮಾಣದಲ್ಲಿ ಮಾತ್ರ ಅಂಥ ವ್ಯತ್ಯಾಸವಿರಲಿಲ್ಲ. ಅಂದರೆ ಬಹುಭಾಷಿಯ ಮಾತೂ ಹೋಗುತ್ತದೆ. ಹೋದದ್ದು ಯಾವ ನುಡಿ, ಉಳಿದದ್ದು ಯಾವುದು ಎಂದು ಅರಿಯಬೇಕಾದರೆ ಆ ಎಲ್ಲ ನುಡಿಗಳಲ್ಲಿಯೂ ಪರೀಕ್ಷಿಸಬೇಕು. ಈ ದಾರಿಯಲ್ಲಿ ಕನ್ನಡ ಹಿಂದೆ ಬಿದ್ದಿಲ್ಲ. ಪ್ರತಿಭಾ ಕಾರಂತರು ಕನ್ನಡ–ಇಂಗ್ಲಿಷ್ ದ್ವಿಭಾಷಿಯೊಬ್ಬರ ಓದುಶಕ್ತಿಯ ನಷ್ಟವನ್ನು ಕುರಿತು 1981ರಷ್ಟು ಹಿಂದೆಯೇ ಬರೆದರು. ಅಂಥ ಕೆಲಸ ಮುಂಬಯಿಯ ಬಹುಭಾಷಿಕ ಕನ್ನಡದಲ್ಲಿಯೂ ಬೆಳೆಯಬೇಕಾಗಿದೆ.

ಹೊರನಾಡಿನ ಕನ್ನಡ ವಿಭಾಗವೊಂದು ಏನು ಮಾಡಬೇಕೆಂಬ ಚರ್ಚೆ ಬಹುಕಾಲದಿಂದ ನಡೆದಿದೆ. ಹಸ್ತಪ್ರತಿ, ಶಾಸನ, ಹೊರನಾಡ ಸಾಹಿತ್ಯಚರಿತ್ರೆ ಇವುಗಳ ಕೆಲಸ ನಡೆಯಲಿ. ಅದರೊಡನೆ, ಕ್ಷೇತ್ರಕಾರ್ಯದ ಅಂಗವಾಗಿ ನಮ್ಮ ಸಂಶೋಧನ ವಿದ್ಯಾರ್ಥಿಗಳು ಕಲಬುರಗಿ, ವಿಜಯಪುರ, ಉಡುಪಿ ಪ್ರಾಂತಗಳಿಂದ ಬಂದು ಇಲ್ಲಿ ನೆಲೆಸಿದವರ ದೇಹಬಾಧೆಯ ನುಡಿಗಟ್ಟುಗಳನ್ನು ಸಂಗ್ರಹಿಸಲಿ. ನರವೈದ್ಯರೊಂದಿಗೆ ಕುಳಿತು, ಹೊತ್ತನ್ನೂ ಸಂದರ್ಭವನ್ನೂ ವಿಚಾರಿಸುವ ಇಪ್ಪತ್ತು ಪ್ರಶ್ನೆಗಳ ಕೈಹಾಳೆಯೊಂದನ್ನು ಸಿದ್ಧಪಡಿಸಲಿ. ಅದನ್ನು ನಗರಪಾಲಿಕೆಯ ಆಸ್ಪತ್ರೆಗಳಿಗೂ ಕನ್ನಡ ಸಂಘಗಳಿಗೂ ತಲುಪಿಸಲಿ. ಇದಕ್ಕೆ ದೊಡ್ಡ ಅನುದಾನ ಬೇಡ. ಬೇಕಾದದ್ದು ಎದುರಿಗಿರುವವನನ್ನು ಗಮನವಿಟ್ಟು ನೋಡುವ, ಅವನ ಮಾತನ್ನು ಕೊನೆಯವರೆಗೆ ಕೇಳುವ ಶಿಸ್ತು. ವಾಡಿಯಾ ಅವರು ಒಂಬತ್ತು ಕುಟುಂಬಗಳ ಕಣ್ಣುಗಳಲ್ಲಿ ಹೊಸ ರೋಗವೊಂದನ್ನು ಗುರುತಿಸಿದ್ದು ಅದೇ ಶಿಸ್ತಿನಿಂದ. ಪಾಠಾಂತರದ ಒಂದು ಅಕ್ಷರಕ್ಕಾಗಿ ದಿನಗಟ್ಟಲೆ ಕೂರಬಲ್ಲ ನಮಗೆ ಅದು ಹೊಸತೇನೂ ಅಲ್ಲ.